ಇಪ್ಪತ್ತು ಆಚೀಚೆ

ನಮ್ಮ ಬೀದಿ ಕ್ರಿಕೆಟ್ಟಿನಲ್ಲಿ ಸ್ಕೋರ್ ಬುಕ್ ಎಂಬುದಿರಲಿಲ್ಲ. ಗೋಡೆಯ ಮೇಲೆ ಇದ್ದಿಲಿನ ಗೀಟು, ಅಷ್ಟೇ. ಮಳೆ ಬಂದರೆ ದಾಖಲೆ ತೊಳೆದುಹೋಗುತ್ತಿತ್ತು, ಬರದಿದ್ದರೆ ಜಗಳ. ಆ ಹಳೇ ಚಾಳಿಗೇ ಇರಬೇಕು, ಕಾಲಿನ್ಸ್ ಎಂಬ ಹುಡುಗನ ಲೆಕ್ಕ ಕಣ್ಣಿಗೆ ಬಿದ್ದದ್ದೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕೂಡಿಸಲು ಕೂತೆ.

1899ರ ಜೂನ್, ಬ್ರಿಸ್ಟಲ್‌ನ ಕ್ಲಿಫ್ಟನ್ ಕಾಲೇಜು. ಅಲ್ಲಿನ ಎರಡು ಹೌಸ್‌ಗಳ ಕಿರಿಯರ ಪಂದ್ಯ. ಎ.ಇ.ಜೆ. ಕಾಲಿನ್ಸ್‌ಗೆ ಆಗ 13 ವರ್ಷ. ಹುಟ್ಟಿದ್ದು ನಮ್ಮ ಹಜಾರಿಬಾಗ್‌ನಲ್ಲಿ. ಬ್ಯಾಟ್ ಹಿಡಿದವನು ಬಿಡಲೇ ಇಲ್ಲ. ಕ್ಯಾಚುಗಳು ಕೈತಪ್ಪಿದವು, ಒಂದು ದಿನದ ಆಟ ಇನ್ನೊಂದು ದಿನಕ್ಕೆ ಹೋಯಿತು, ಪುಣ್ಯಾತ್ಮ ಔಟಾಗಲಿಲ್ಲ. ಎಲ್ಲ ಸೇರಿ 6 ಗಂಟೆ 50 ನಿಮಿಷ. ಸಿಕ್ಸರ್ 1, ಐದು ರನ್ನಿನವು 4, ನಾಲ್ಕರವು 31, ಮೂರರವು 33, ಎರಡರವು 146, ಒಂಟಿ 87. ಕೂಡಿಸಿದೆ: 628, ಲೆಕ್ಕ ಪಕ್ಕಾ! ಆದರೆ ಸ್ಕೋರರ್ ಮಾತ್ರ "ಇಪ್ಪತ್ತು ಆಚೀಚೆ ಇದ್ದೀತು" ಅಂದನಂತೆ. ನಮ್ಮ ಬೀದಿಯಲ್ಲಾಗಿದ್ದರೆ ಆ ಇಪ್ಪತ್ತಕ್ಕೆ ವಿಕೆಟ್ಟು ಕಿತ್ತು ಬಡಿದಾಡುತ್ತಿದ್ದೆವು.

ಅಷ್ಟೊಂದು ಎರಡುಗಳು ಯಾಕೆಂದರೆ, ಮೈದಾನದ ಒಂದು ಪಕ್ಕ ಬೌಂಡರಿ ತೀರಾ ಹತ್ತಿರ. ಅಲ್ಲಿಗೆ ಹೊಡೆದರೆ ಎರಡೇ ರನ್. ನಮಗೆ ಪಕ್ಕದ ಮನೆ ಕಾಂಪೌಂಡಿಗೆ ಬಿದ್ದರೆ ಔಟ್ ಇದ್ದ ಹಾಗೆ. ಜಾಗ ನೋಡಿ ಕಾನೂನು.

ಇಂಥವನು ಮುಂದೆ ಪ್ರಥಮ ದರ್ಜೆಯ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ವೂಲಿಚ್‌ನ ಸೇನಾ ಅಕಾಡೆಮಿಯಲ್ಲಿ ಓದಿ, ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ದಳ ಸೇರಿ, ಭಾರತದ ಎರಡನೇ ಸ್ಯಾಪರ್ಸ್ ಆ್ಯಂಡ್ ಮೈನರ್ಸ್ ಎಂಬ ಸೇನಾ ಎಂಜಿನಿಯರ್‌ಗಳ ಪಡೆಗೆ ಬಂದ. ಅದೇ ನಮ್ಮ ಮದ್ರಾಸ್ ಸ್ಯಾಪರ್ಸ್. ಹೆಸರು ಮದ್ರಾಸಿನದು, ಮನೆ ಬೆಂಗಳೂರಿನದು. ಹಲಸೂರು ಕೆರೆಯ ಪಕ್ಕ ಬಸ್ಸು ನಿಂತಾಗಲೆಲ್ಲ ಆ ಕಡೆ ಕತ್ತು ಹೊರಳುತ್ತದೆ. ನೋಡಲು ಸಿಗುವುದು ಗೋಡೆ, ಮರ, ಕಾವಲಿನವನು.

1913ರಲ್ಲಿ ಲಾರ್ಡ್ಸ್‌ನಲ್ಲಿ ಸೇನಾ ತಂಡದ ಪರ 58, 36 ಹೊಡೆದ. ಮರುವರ್ಷ ನವೆಂಬರ್ 11ರಂದು ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪ್ರ್ ಕಾಳಗದಲ್ಲಿ ತೀರಿಹೋದ. ವಯಸ್ಸು 29. ದೇಹ ಸಿಗಲಿಲ್ಲ. ಅಲ್ಲಿನ ಮೆನಿನ್ ಗೇಟ್ ಎಂಬ ಸ್ಮಾರಕದ ಕಲ್ಲಿನಲ್ಲಿ, ಹಾಗೆ ಸಿಗದೇ ಹೋದ 54 ಸಾವಿರಕ್ಕೂ ಹೆಚ್ಚು ಮಂದಿಯ ನಡುವೆ ಅವನದೂ ಒಂದು ಹೆಸರು.

ಒಬ್ಬನೇ ಒಂದು ಇನ್ನಿಂಗ್ಸ್‌ನಲ್ಲಿ ಹೊಡೆದ ಅತಿ ಹೆಚ್ಚು ರನ್ ಎಂಬ ಆ 628ರ ದಾಖಲೆ ಮುರಿದದ್ದು 2016ರಲ್ಲಿ, ಮುಂಬೈ ಬಳಿಯ ಕಲ್ಯಾಣ್‌ನಲ್ಲಿ. ಪ್ರಣವ್ ಧನಾವಡೆ ಎಂಬ ಹುಡುಗ 1009 ಹೊಡೆದ, ಅವನೂ ಔಟಾಗದೆ.

ನನ್ನ ಕ್ಯಾಲೆಂಡರ್ ಹಾಳೆಯಲ್ಲಿ ಕಾಲಿನ್ಸ್‌ನ ಕೆಳಗೆ ಈಗ ಹಾಲಿನ ಲೆಕ್ಕ ಬಂದಿದೆ. ಅರ್ಧ ಲೀಟರ್ ಆಚೀಚೆ ಆಗಿದೆಯೆಂದು ಮನೆಯಲ್ಲಿ ನಿನ್ನೆಯಿಂದ ತನಿಖೆ ನಡೆದಿದೆ.