ಮಂಚದ ಕಾಲು, ನನ್ನ ಕಾಲು

ನಮ್ಮ ಮಂಚಕ್ಕೆ ನಾಲ್ಕು ಕಾಲು. ನನಗೆ ಎರಡು. ಈ ಆರರಲ್ಲಿ ಎರಡು ಮಾತ್ರ ವಾರಕ್ಕೊಮ್ಮೆಯಾದರೂ ಭೇಟಿಯಾಗುತ್ತವೆ. ಮಂಚದ ಕಡೆಯಿಂದ ಯಾವಾಗಲೂ ಬಾಗಿಲ ಪಕ್ಕದ ಕಾಲು, ನನ್ನ ಕಡೆಯಿಂದ ಎಡಗಾಲಿನ ಕಿರುಬೆರಳು. ಮಂಚ ಈ ಮನೆಗೆ ಬಂದಾಗಿನಿಂದ ಅಲ್ಲೇ ಇದೆ, ಒಂದಿಂಚು ಸರಿದಿಲ್ಲ. ಆದರೂ ಪ್ರತಿ ಸಲ ಅದೇ ಎದ್ದು ಬಂದು ಗುದ್ದಿತು ಅಂತಲೇ ನನಗೆ ಅನ್ನಿಸುವುದು.

ಕಿರುಬೆರಳಿನ ನೋವಿಗೆ ಒಂದು ಶಿಸ್ತಿದೆ. ತಾಗಿದ ಕೂಡಲೇ ಬರುವುದಿಲ್ಲ. "ಅಯ್ಯೋ, ಈಗ ಬರುತ್ತೆ" ಎಂದು ಗೊತ್ತಾಗುವಷ್ಟು ಪುರುಸೊತ್ತು ಕೊಟ್ಟು ಆಮೇಲೆ ಬರುತ್ತದೆ. ಅಷ್ಟರಲ್ಲಿ ನಾನು ಆ ಮಂಚ ಮಾಡಿದ ಆಚಾರಿಯನ್ನೂ ಅದನ್ನು ಅಲ್ಲೇ ಹಾಕಿಸಿದ ನನ್ನನ್ನೂ ಬೈದು ಮುಗಿಸಿರುತ್ತೇನೆ.

ನನ್ನ ಹೆಂಡತಿಗೆ ಈಗ ಎಲ್ಲ ಸದ್ದುಗಳೂ ಪರಿಚಯ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ, ತಿರುಗಿಯೂ ನೋಡದೆ ಹೇಳಿಬಿಡುತ್ತಾಳೆ. 'ಧಡ್' ಎಂದರೆ, "ಕಪಾಟಿನ ಬಾಗಿಲು ತಾನೇ? ಮುಚ್ಚಿ ಅಂತ ಎಷ್ಟು ಸಲ ಹೇಳೋದು ರೀ." 'ಠಣ್' ಎಂದು ಗಿರಗಿರ ಸುತ್ತಿ ನಿಂತರೆ, "ಲೋಟ ಬಿದ್ದರೆ ಬೀಳ್ಲಿ, ಅದರಲ್ಲಿ ಕಾಫಿ ಇತ್ತಾ?" ಸದ್ದೇ ಇಲ್ಲದೆ 'ಸ್ಸ್' ಎಂದು ನಾನು ಉಸಿರೆಳೆದುಕೊಂಡರೆ ಮಾತ್ರ ಗ್ಯಾಸ್ ಸಣ್ಣ ಮಾಡಿ ಬರುತ್ತಾಳೆ. ಅದು ಮೊಣಕೈ. ಅಲ್ಲಿ ಒಂದು ನರ ಚರ್ಮದ ಕೆಳಗೇ ಹಾದು ಕೈಯ ಕಿರುಬೆರಳಿಗೆ ಹೋಗುತ್ತದೆ. ಅದಕ್ಕೇ ಗೋಡೆಯ ಮೂಲೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಬೆರಳ ತುದಿಯವರೆಗೂ ಜುಮ್ ಎನ್ನುವುದು. ಕೈಯದಾಗಲಿ ಕಾಲಿನದಾಗಲಿ, ನನ್ನ ಕಿರುಬೆರಳುಗಳ ಜಾತಕವೇ ಸರಿಯಿಲ್ಲ.

ಚಿಕ್ಕಂದಿನಲ್ಲಿ ನಾನು ಬಿದ್ದರೆ ನೆಲಕ್ಕೆ ಏಟು ಬೀಳುತ್ತಿತ್ತು. ಅಮ್ಮ ಓಡಿ ಬಂದು ನೆಲಕ್ಕೆ ಎರಡು ಬಾರಿಸಿ, "ಅಯ್ಯೋ, ಇರುವೆ ಸತ್ತೋಯ್ತು ನೋಡು" ಎನ್ನುತ್ತಿದ್ದಳು. ನಾನು ಅಳು ನಿಲ್ಲಿಸಿ ಸತ್ತ ಇರುವೆ ಹುಡುಕುತ್ತಿದ್ದೆ. ಒಂದು ದಿನವೂ ಸಿಗಲಿಲ್ಲ. ರಕ್ತ ಬಂದಿದ್ದರೆ ಕಾಫಿಪುಡಿ ಮೆತ್ತುತ್ತಿದ್ದರು, ಉಳುಕಿದ್ದರೆ ಸುಣ್ಣ ಅರಿಶಿನ ಕಲಸಿ ಕೆಂಪಗೆ ಬಳಿಯುತ್ತಿದ್ದರು. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮಳೆಗಾಲದಲ್ಲಿ ಅಂಗಳವೆಲ್ಲ ಪಾಚಿ. ನಡೆಯಲೆಂದು ಅಡಿಕೆ ದಬ್ಬೆ ಹಾಸುತ್ತಿದ್ದರು. ಎಲ್ಲರೂ ದಬ್ಬೆಯ ಮೇಲೆ ಹೋಗಿ ಬರುತ್ತಿದ್ದರು. ನಾನು ದಬ್ಬೆಯ ಮೇಲೇ ಜಾರಿ ಬೀಳುತ್ತಿದ್ದೆ. "ಎಡವಿದ ಕಾಲೇ ಎಡವೋದು" ಎಂದು ಅಪ್ಪ ಜಗಲಿಯಿಂದಲೇ ತೀರ್ಪು ಕೊಡುತ್ತಿದ್ದರು. ಎದ್ದು ನಿಂತು ಮೀಸೆ ಮಣ್ಣಾಗಲಿಲ್ಲ ಎನ್ನೋಣವೆಂದರೆ ಆಗಿನ್ನೂ ಮೀಸೆಯೇ ಬಂದಿರಲಿಲ್ಲ.

ಆ ಮನೆಯ ಬಾಗಿಲುಗಳು ಗಿಡ್ಡ, ಹೊಸಿಲುಗಳು ಎತ್ತರ. ತಲೆ ಬಗ್ಗಿಸಬೇಕು, ಕಾಲು ಎತ್ತಬೇಕು, ಎರಡೂ ಒಟ್ಟಿಗೇ. ಹೊಸದಾಗಿ ಬಂದ ನೆಂಟರು ಒಂದನ್ನು ನೆನಪಿಟ್ಟುಕೊಂಡು ಇನ್ನೊಂದನ್ನು ಮರೆಯುತ್ತಿದ್ದರು. ನಡುಮನೆಯ ದಾರಂದಕ್ಕೆ ಹಣೆ ಬಡಿಸಿಕೊಂಡು ಬುಗುಟು ಬರಿಸಿಕೊಳ್ಳದ ಅಳಿಯಂದಿರೇ ನಮ್ಮ ವಂಶದಲ್ಲಿಲ್ಲ.

ಅಮ್ಮ ಮಾತ್ರ ಆ ಮನೆಯಲ್ಲಿ ಎಲ್ಲಿಯೂ ತಾಗಿದ್ದನ್ನು ನಾನು ಕಂಡಿಲ್ಲ. ಮಳೆಗೆ ಕರೆಂಟ್ ಹೋದರೆ ಮೂರು ದಿನ ಬರುತ್ತಿರಲಿಲ್ಲ. ಆ ಕತ್ತಲಲ್ಲಿ ಅವಳು ಚಿಮಣಿ ಬುಡ್ಡಿಯೂ ಇಲ್ಲದೆ ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿಂದ ಕೊಟ್ಟಿಗೆಗೆ ಓಡಾಡುತ್ತಿದ್ದಳು. ಒರಳುಕಲ್ಲಿನ ಪಕ್ಕ ಬಂದಾಗ ಸೊಂಟ ತಾನಾಗಿ ಒಂಚೂರು ವಾಲುತ್ತಿತ್ತು. ದಾರಂದ ಬಂದಾಗ ತಲೆ ತಾನಾಗಿ ಬಗ್ಗುತ್ತಿತ್ತು.

ಕಣ್ಣು ಮುಚ್ಚಿಕೊಂಡು ಬೆರಳಿಂದ ಮೂಗು ಮುಟ್ಟಿ ನೋಡಿ. ಮುಟ್ಟುತ್ತೀರಿ, ಅಲ್ವಾ? ಕೈ ಎಲ್ಲಿದೆ, ಕಾಲು ಎಷ್ಟು ಮಡಚಿದೆ ಎಂದು ಸ್ನಾಯು, ಕೀಲುಗಳು ಮೆದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತವೆ. ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್ 1906ರಲ್ಲಿ ಇದಕ್ಕೊಂದು ಉದ್ದದ ಹೆಸರಿಟ್ಟ, ಪ್ರೊಪ್ರಿಯೊಸೆಪ್ಷನ್ ಅಂತ. ಬಾಯಿಗೂ ಎಡವುವಂಥ ಹೆಸರೇ. ನನ್ನೊಳಗೆ ಈ ಟಪಾಲು ತಡವಾಗಿ ಬಟವಾಡೆ ಆಗುತ್ತದೋ ಏನೋ ಎಂಬ ಅನುಮಾನದಿಂದ ಒಮ್ಮೆ ಡಾಕ್ಟರ ಹತ್ತಿರ ಹೋದೆ. ಅವರು ಕಾಲು ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಬರ್ಲಿನ್ನಿನ ರೋಂಬರ್ಗ್ ಎಂಬ ವೈದ್ಯನ ಹೆಸರಿನ, 19ನೇ ಶತಮಾನದ ಹಳೇ ಪರೀಕ್ಷೆ. ಕಂಬದ ಹಾಗೆ ನಿಂತೆ. ಸಕ್ಕರೆ ಕಾಯಿಲೆಯಿದ್ದರೆ ಪಾದದ ಸ್ಪರ್ಶ ಮಂಕಾಗಬಹುದೆಂದು ಅದನ್ನೂ ನೋಡಿದರು. (ಇದ್ದಕ್ಕಿದ್ದ ಹಾಗೆ ಬೀಳಲು ಶುರುವಾದವರು ಖಂಡಿತ ತೋರಿಸಿಕೊಳ್ಳಬೇಕು. ನನ್ನದು ಹುಟ್ಟಿನಿಂದ ಬಂದದ್ದು.) "ಎಲ್ಲ ಸರಿ ಇದೆ, ಸ್ವಲ್ಪ ನಿಧಾನಕ್ಕೆ ನಡೀರಿ" ಎಂದರು. ಹೊರಗೆ ಬರುವಾಗ ಅವರ ಗಾಜಿನ ಬಾಗಿಲಿಗೆ ಡಿಕ್ಕಿ ಹೊಡೆದೆ.

ನನಗನ್ನಿಸುವುದು ಬೇರೆ. ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟವನು ನಾನು. ಹಾಸ್ಟೆಲು, ರೂಮು, ಬೆಂಗಳೂರಿನಲ್ಲಿ ಒಂದರ ಹಿಂದೆ ಒಂದು ಆರು ಬಾಡಿಗೆ ಮನೆ. ಒಂದೊಂದನ್ನೂ ಮೈ ಅರ್ಧ ಕಲಿಯುವಷ್ಟರಲ್ಲಿ ಮುಂದಿನ ಮನೆಗೆ ಲಾರಿ ಬಂದಿರುತ್ತಿತ್ತು. ರಾತ್ರಿ ನಿದ್ದೆಗಣ್ಣಲ್ಲಿ ಎದ್ದರೆ ಈಗಲೂ ಎಡಕ್ಕೆ ತಿರುಗುತ್ತೇನೆ. ಹಿಂದಿನ ಮನೆಯಲ್ಲಿ ಅಲ್ಲಿ ಬಾತ್‌ರೂಮ್ ಇತ್ತು. ಈ ಮನೆಯಲ್ಲಿ ಅಲ್ಲಿ ಗೋಡೆಯಿದೆ.

ಒಂದು ಸಲ ಮಾತ್ರ ನಾನು ಗೆದ್ದೆ. ಮಹಡಿ ಮೆಟ್ಟಿಲ ಕೊನೆಯಲ್ಲಿ ದಿನಾ ಮುಗ್ಗರಿಸುತ್ತಿದ್ದೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಇವಳು ನಗುತ್ತಿದ್ದಳು. ರೋಸಿ ಟೇಪು ಹಿಡಿದು ಅಳೆದೆ. ಬೇರೆಲ್ಲ ಮೆಟ್ಟಿಲು ಏಳು ಇಂಚು, ಕೊನೆಯದು ಎಂಟು! ಪರಿಚಯದ ಮೇಸ್ತ್ರಿಯನ್ನು ಕೇಳಿದೆ. "ಮೆಟ್ಟಿಲಿಗೆ ಕಾಂಕ್ರೀಟು ಮೊದಲೇ ಹಾಕ್ಬಿಟ್ಟಿರ್ತೀವಿ ಸಾರ್. ಆಮೇಲೆ ಮಹಡಿ ನೆಲಕ್ಕೆ ದಪ್ಪ ಕಲ್ಲು ಹಾಕಿಸ್ತಾರೆ. ಕೊನೇದು ಎತ್ತರ ಆಗ್ಬಿಡುತ್ತೆ" ಎಂದ. ಮೊದಲ ಎರಡು ಮೆಟ್ಟಿಲಲ್ಲೇ ಕಾಲು ಅಳತೆ ಕಲಿತುಬಿಡುತ್ತದೆ. ಆಮೇಲೆ ಬೇಕಾದಷ್ಟೇ ಎತ್ತುತ್ತದೆ, ಒಂದು ಕೂದಲೆಳೆಯೂ ಜಾಸ್ತಿ ಇಲ್ಲ. ಅದಕ್ಕೇ ಒಂದಿಂಚು ಸಾಕು. ನೆಲ ನಿಜವಾಗಿಯೂ ಡೊಂಕಿತ್ತು! ಆ ಟೇಪನ್ನು ಎರಡು ದಿನ ಜೇಬಲ್ಲೇ ಇಟ್ಟುಕೊಂಡು ತಿರುಗಿದೆ.

ಕಳೆದ ಮಳೆಗಾಲಕ್ಕೆ ಅಮ್ಮನನ್ನು ಇಲ್ಲಿಗೆ ಕರೆದುಕೊಂಡು ಬಂದೆ. ಎರಡನೇ ದಿನ ಟೀಪಾಯಿಗೆ ಮಂಡಿ ತಾಗಿಸಿಕೊಂಡಳು. ಮೂರನೇ ದಿನ ಫ್ರಿಜ್ಜಿಗೆ ಭುಜ. ಹೊಸಿಲೇ ಇಲ್ಲದ ಬಾಗಿಲಲ್ಲಿ ಕಾಲು ಎತ್ತಿ ಇಡುತ್ತಾಳೆ, ಏಳಡಿ ಬಾಗಿಲಲ್ಲಿ ತಲೆ ಬಗ್ಗಿಸುತ್ತಾಳೆ. "ಎಂಥದಾ ಮಾರಾಯ, ನಿಮ್ಮನೆ ಸಾಮಾನೆಲ್ಲ ಅಡ್ಡ ಬರುತ್ವಲ್ಲ" ಎಂದಳು. ನಾನು ನೆಲಕ್ಕೆ ಎರಡು ಬಾರಿಸಿ ಇರುವೆ ಸತ್ತಿತೆಂದೆ. ನಕ್ಕಳು. ಆದರೆ ಸುಮ್ನೆ ನಗುವ ವಿಷಯವಲ್ಲ, ಈ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಕಷ್ಟ. ಬಾತ್‌ರೂಮಿನ ಗೋಡೆಗೆ ಸ್ಟೀಲ್ ಹಿಡಿ ಹಾಕಿಸಿದೆ. ಜಾರುವ ಕಾಲೊರಸು ತೆಗೆದೆ. ರಾತ್ರಿಗೆ ಸಣ್ಣ ದೀಪ ಹಚ್ಚಿಟ್ಟೆ. ಆ ದೀಪದ ವೈರಿಗೆ ಮೊದಲು ಎಡವಿದವನು ನಾನೇ.

ಒಂದು ಸಂಜೆ ಅಮ್ಮನ ಕನ್ನಡಕ ಕೆಳಗೆ ಬಿತ್ತು. ಎತ್ತಿಕೊಡಲು ನಾನು ಬಗ್ಗಿದೆ, ಅವಳೂ ಬಗ್ಗಿದಳು. ತಲೆಗೆ ತಲೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತಲೇ ಅಮ್ಮ, "ತಡಿ, ಇನ್ನೊಂದ್ಸಲ ತಾಗ್ಸು. ಒಂದೇ ಸಲ ಆದ್ರೆ ಕೊಂಬು ಬರುತ್ತೆ" ಎಂದಳು. ಐವತ್ತು ದಾಟಿದ ಮಗನಿಗೂ ಎಂಬತ್ತರ ತಾಯಿಗೂ ಕೊಂಬು ಬಂದರೆ ಚೆಂದವಲ್ಲವೆಂದು ನಾನೂ ಒಪ್ಪಿದೆ. ಎರಡನೇ ಸಲ ಮೆತ್ತಗೆ ತಾಗಿಸಬೇಕೆಂದೇ ಇದ್ದೆ. ಅಳತೆ ತಪ್ಪಿತು.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. "ರೀ, ಇದ್ಯಾವ ಸದ್ದು?" ಇವಳು ಕೂಗಿದಳು. "ನಂಗೆ ಗೊತ್ತಾಗ್ಲಿಲ್ಲ."