ಭದ್ರತಾ ಮಂಡಳಿಗೆ ಒಬ್ಬ ಬಿಲ್ಡರ್ ಬೇಕಾಗಿದ್ದಾನೆ

ಮುಂಬೈಯಲ್ಲಿ ಕಟ್ಟಡಕ್ಕೆ 30 ವರ್ಷ ತುಂಬಿದರೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಲೇಬೇಕು. ಇಂಜಿನಿಯರ್ ಬರುತ್ತಾನೆ. ಸುತ್ತಿಗೆಯಿಂದ ಕಂಬ ಕುಟ್ಟಿ ಕಿವಿಗೊಟ್ಟು ಕೇಳುತ್ತಾನೆ. ಸಜ್ಜಾದಿಂದ ಉದುರಿದ ಗಾರೆಯ ಫೋಟೊ ತೆಗೆಯುತ್ತಾನೆ. ಕಟ್ಟಡ ತೀರಾ ಹಾಳಾಗಿದ್ದರೆ ಅದು ಸಿ-1 ಪಟ್ಟಿಗೆ ಸೇರುತ್ತದೆ. ಆಮೇಲೆ ಪಾಲಿಕೆಯವರು ಗೇಟಿಗೆ ‘ಧೋಕಾದಾಯಕ್ ಇಮಾರತ್’ ಅಂತ ಬೋರ್ಡು ತಗಲಿಸಿ, ನೀರು-ಕರೆಂಟು ಕಡಿದು, ಎಲ್ಲರನ್ನೂ ಗಂಟುಮೂಟೆ ಸಮೇತ ಹೊರಗೆ ಕಳಿಸುತ್ತಾರೆ. ಮಾಟುಂಗದಿಂದ ಡೊಂಬಿವಲಿತನಕ ಕನ್ನಡಿಗರ ಮನೆಗಳಲ್ಲಿ ಈಗ ಮಗಳ ಮದುವೆಗಿಂತ ಜಾಸ್ತಿ ಮಾತು ಇದರದ್ದೇ. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವ ಬಿಲ್ಡರ್ ಕೊಡುವ ಇಡಿಗಂಟು, ಅಂದರೆ ಕಾರ್ಪಸ್ ಎಷ್ಟು, ಕಟ್ಟಿ ಮುಗಿಯುವತನಕದ ಟ್ರಾನ್ಸಿಟ್ ಬಾಡಿಗೆ ಎಷ್ಟು, ಕಾರ್ಪೆಟ್ ಏರಿಯಾ ಎಷ್ಟು ಜಾಸ್ತಿ.

ನ್ಯೂಯಾರ್ಕಿನ ಈಸ್ಟ್ ನದಿಯ ದಂಡೆಯಲ್ಲೂ ಇಂಥದ್ದೊಂದು ಸೊಸೈಟಿ ಇದೆ. 1945ರ ರಿಜಿಸ್ಟ್ರೇಷನ್. ವಯಸ್ಸು 80 ದಾಟಿದೆ. ಯಾವ ಇಂಜಿನಿಯರೂ ಒಳಗೆ ಸುತ್ತಿಗೆ ಹಿಡಿದು ಹೋಗಿಲ್ಲ.

ಅದೇ ವಿಶ್ವಸಂಸ್ಥೆಯ ಭದ್ರತಾ ಮಂಡಳಿ. ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಅಲ್ಲಿ ಖಾಯಂ. ಒಬ್ಬರೇ ಬೇಡ ಅಂದು ನಿರ್ಣಯ ಬೀಳಿಸುವ ಹಕ್ಕು, ಅಂದರೆ ವೀಟೊ, ಈ ಐವರಿಗೆ ಮಾತ್ರ. ಶುರುವಿನಲ್ಲಿ ವಿಶ್ವಸಂಸ್ಥೆಗೆ 51 ಸದಸ್ಯರಿದ್ದರು, ಈಗ 193. ಮಂಡಳಿಗೆ ಒಂದೇ ಒಂದು ಸಲ ರಿಪೇರಿ ಆಗಿದ್ದು 1965ರಲ್ಲಿ. ಆಗ 11 ಕುರ್ಚಿ ಇದ್ದದ್ದು 15 ಆಯಿತು. ಹೊಸ ನಾಲ್ಕೂ ಎರಡು ವರ್ಷ ಕೂತು ಎದ್ದು ಹೋಗುವವರಿಗೆ. ಐವರ ಸೋಫಾ ಇದ್ದಲ್ಲಿಂದ ಒಂದಿಂಚು ಅಲ್ಲಾಡಲಿಲ್ಲ.

ಕಾಗದಪತ್ರ ತೆಗೆದು ನೋಡಿದರೆ ಇನ್ನೂ ಮಜಾ ಇದೆ. ವಿಶ್ವಸಂಸ್ಥೆಯ ಬೈಲಾದಂತಿರುವ ಸನ್ನದಿನ 23ನೇ ವಿಧಿಯಲ್ಲಿ ಇವತ್ತಿಗೂ ಸೋವಿಯತ್ ಒಕ್ಕೂಟ ಖಾಯಂ ಸದಸ್ಯ. ಅದು 1991ರಲ್ಲೇ ತೀರಿಕೊಂಡಿತು. ಚೀನಾದ ಜಾಗದಲ್ಲಿ ‘ರಿಪಬ್ಲಿಕ್ ಆಫ್ ಚೀನಾ’ ಅಂತಲೇ ಇದೆ. ಆ ಹೆಸರಿನ ಸರ್ಕಾರ ಇರುವುದು ತೈವಾನ್‌ನಲ್ಲಿ. ಅವರನ್ನು ಎಬ್ಬಿಸಿ ಬೀಜಿಂಗ್‌ನವರನ್ನು ಕೂರಿಸಿದ್ದು 1971ರಲ್ಲಿ. ಬೋರ್ಡು ಮಾತ್ರ ಹಳೆಯದೇ. ನಮ್ಮಲ್ಲಿ ತೀರಿಹೋದ ಅಪ್ಪನ ಶೇರ್ ಸರ್ಟಿಫಿಕೇಟ್ ಮಗನ ಹೆಸರಿಗೆ ಆಗಬೇಕಾದರೆ ನಾಮಿನೇಷನ್, ಅಫಿಡವಿಟ್, ಇಂಡೆಮ್ನಿಟಿ ಬಾಂಡ್, ಅದರ ಮೇಲೆ ಸೆಕ್ರೆಟರಿಯ ಮರ್ಜಿ, ಎಲ್ಲ ಬೇಕು. ರಷ್ಯಾದ ಯೆಲ್ಟ್ಸಿನ್ ಒಂದು ಕಾಗದ ಕಳಿಸಿದರು, ಅವರ ಕಡೆಯವರು ಹೋಗಿ ಕೂತರು. ವೀಟೊ ಸಮೇತ.

53 ಮತ್ತು 107ನೇ ವಿಧಿಗಳಲ್ಲಿ ‘ಶತ್ರು ದೇಶ’ಗಳ ಪ್ರಸ್ತಾಪ ಇನ್ನೂ ಉಳಿದಿದೆ. ಅಂದರೆ ಎರಡನೇ ಮಹಾಯುದ್ಧದಲ್ಲಿ ಎದುರು ಪಾರ್ಟಿಯಲ್ಲಿದ್ದವರು. ಜಪಾನ್, ಜರ್ಮನಿ ಅವರ ಪೈಕಿ. ಇವತ್ತು ವಿಶ್ವಸಂಸ್ಥೆಯ ಖರ್ಚಿಗೆ ಅತಿ ಹೆಚ್ಚು ದುಡ್ಡು ಹಾಕುವವರಲ್ಲಿ ಈ ಇಬ್ಬರೂ ಇದ್ದಾರೆ. ಆ ಪದ ಅಳಿಸೋಣ ಅಂತ 2005ರ ಶೃಂಗಸಭೆಯಲ್ಲಿ ಎಲ್ಲರೂ ತಲೆಯಾಡಿಸಿದರು. ಅಳಿಸುವ ರಬ್ಬರ್ ಇನ್ನೂ ಸಿಕ್ಕಿಲ್ಲ. ಟ್ರಸ್ಟೀಶಿಪ್ ಕೌನ್ಸಿಲ್ ಅಂತ ಇನ್ನೊಂದಿದೆ. ಸ್ವಾತಂತ್ರ್ಯ ಸಿಗದ ಪ್ರದೇಶಗಳ ಉಸ್ತುವಾರಿ ಅದರ ಕೆಲಸವಾಗಿತ್ತು. 1994ರಲ್ಲಿ ಕೊನೆಯದಾಗಿ ಪಲಾವ್ ಸ್ವತಂತ್ರವಾಯಿತು, ಕೆಲಸ ಮುಗಿಯಿತು. ಕೌನ್ಸಿಲ್ ಮಾತ್ರ ವಿಶ್ವಸಂಸ್ಥೆಯ ಆರು ಮುಖ್ಯ ಅಂಗಗಳಲ್ಲಿ ಒಂದಾಗಿ ಈಗಲೂ ಕಾಗದದ ಮೇಲಿದೆ, ಅದಕ್ಕೊಂದು ಹಾಲ್ ಕೂಡ ಇದೆ. ಇಂಥ ಖಾಲಿ ಜಾಗ ಮಾಟುಂಗದಲ್ಲಿ ಇದ್ದಿದ್ದರೆ ಇಷ್ಟೊತ್ತಿಗೆ ಯಾರೋ ಒಬ್ಬರು ಜ್ಯೂಸ್ ಸೆಂಟರ್ ಇಟ್ಟಾಗಿರುತ್ತಿತ್ತು.

ಹಾಗಾದರೆ ಕೆಡವಿ ಕಟ್ಟೋಣ ಅಂತೀರಾ? ನಮ್ಮ ಗುರುತಿನ ಬಿಲ್ಡರ್ ಒಬ್ಬರಿಗೆ ಈ ಕೇಸು ವಿವರಿಸಿದೆ. ಕುಂದಾಪುರದ ಕಡೆಯವರು, ಸಯನ್‌ನಿಂದ ಮುಲುಂಡ್‌ವರೆಗೆ ಸುಮಾರು ಕಟ್ಟಡ ಎಬ್ಬಿಸಿದ್ದಾರೆ.

“ಒಪ್ಪಿಗೆ ಎಷ್ಟು ಬೇಕು ಮಾರಾಯ್ರೆ? ನಮ್ಮಲ್ಲಿ 51 ಪರ್ಸೆಂಟ್ ಸಾಕು.”

“ಅಲ್ಲಿ ಮೂರರಲ್ಲಿ ಎರಡು ಪಾಲು. 193ರಲ್ಲಿ 129.”

“ಕಷ್ಟ, ಆದ್ರೆ ಆಗ್ತದೆ. ಮನೆಮನೆಗೆ ಹೋಗ್ಬೇಕು.”

“ಅದಾದ ಮೇಲೆ ಆ ಐವರೂ ಒಬ್ಬೊಬ್ಬರಾಗಿ ಸೈನ್ ಹಾಕ್ಬೇಕು. ಒಬ್ಬರು ಹಾಕದಿದ್ರೂ ಮುಗೀತು.”

“ಅವರಿಗೆ ಏರಿಯಾ ಜಾಸ್ತಿ ಸಿಗ್ತದಾ?”

“ಇಲ್ಲ. ಇರೋ ಜಾಗದಲ್ಲೇ ಬೇರೆಯವರೂ ಬಂದು ಕೂರ್ತಾರೆ.”

“ಮೆಂಟೆನೆನ್ಸ್ ಆದ್ರೂ ಸರಿಯಾಗಿ ಕಟ್ತಾರಾ?”

“ಎಲ್ಲರಿಗಿಂತ ದೊಡ್ಡ ಬಾಕಿ ಅಮೆರಿಕದ್ದೇ.”

ಅವರು ಡಬರಾದಲ್ಲಿ ಉಳಿದಿದ್ದ ಕಾಫಿ ಕುಡಿದು ಎದ್ದುಬಿಟ್ಟರು. “ಇದು ರಿಡೆವಲಪ್‌ಮೆಂಟ್ ಅಲ್ಲ, ಐದು ಜನರ ಪಗಡಿ” ಅಂದರು. ಪಗಡಿ ಅಂದರೆ ಆಟ ಅಲ್ಲ, ಒಮ್ಮೆ ಗಂಟು ಕೊಟ್ಟು ಪುಡಿಗಾಸಿನ ಬಾಡಿಗೆಗೆ ತಲೆತಲಾಂತರ ಕೂರುವ ಮುಂಬೈಯ ಹಳೇ ಪದ್ಧತಿ. ಅದಕ್ಕಿಂತ ಚೆನ್ನಾಗಿ ಹೇಳಿದ ಪ್ರೊಫೆಸರನ್ನು ನಾನು ನೋಡಿಲ್ಲ.

ಈ ಪಗಡಿ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ 2022ರ ಫೆಬ್ರುವರಿ ಸಾಕು. ಮಂಡಳಿಯ ಅಧ್ಯಕ್ಷಗಿರಿ ತಿಂಗಳಿಗೊಬ್ಬರಿಗೆ ಬರುತ್ತದೆ. ಆ ತಿಂಗಳು ಸರದಿ ರಷ್ಯಾದ್ದು. ಉಕ್ರೇನ್ ಬಗ್ಗೆ ರಾತ್ರೋರಾತ್ರಿ ತುರ್ತು ಸಭೆ ಕೂತಿತು. ಯುದ್ಧ ಬೇಡ ಅಂತ ಒಬ್ಬೊಬ್ಬರಾಗಿ ಭಾಷಣ ಮಾಡುತ್ತಿದ್ದಾಗಲೇ ಪುಟಿನ್ ಟಿವಿಯಲ್ಲಿ ಬಂದು ಸೇನಾ ಕಾರ್ಯಾಚರಣೆ ಘೋಷಿಸಿದರು. ಸಭೆಯ ಅಧ್ಯಕ್ಷ ಪೀಠದಲ್ಲಿ ಕೂತಿದ್ದವರು ರಷ್ಯಾದ ರಾಯಭಾರಿ. ಎರಡು ದಿನ ಬಿಟ್ಟು ಖಂಡನಾ ನಿರ್ಣಯ ಬಂತು. ಪರವಾಗಿ 11, ವಿರುದ್ಧ 1. ಭಾರತ, ಚೀನಾ, ಯುಎಇ ತಟಸ್ಥ. ಆ ಒಂದು ರಷ್ಯಾದ ವೋಟು. ನಿರ್ಣಯ ಬಿದ್ದುಹೋಯಿತು. ಗಾಜಾದಲ್ಲಿ ಕದನ ವಿರಾಮ ಆಗಲಿ ಅಂತ 2025ರ ಜೂನ್‌ನಲ್ಲಿ 14 ಜನ ಕೈ ಎತ್ತಿದರು, ಅಮೆರಿಕ ಒಂದೇ ಬೇಡ ಅಂದಿತು. ಅದೂ ಬಿತ್ತು. ಸೆಪ್ಟೆಂಬರ್‌ನಲ್ಲಿ ಮತ್ತೆ 14-1, ಮತ್ತೆ ಬಿತ್ತು. ಈ ಎರಡು ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ವೀಟೊ ಉಳಿಸಿಕೊಳ್ಳುವ ವಿಷಯದಲ್ಲಿ ಮಾತ್ರ ಅಣ್ಣ-ತಮ್ಮಂದಿರು.

2022ರಲ್ಲೇ ಒಂದು ಸುಧಾರಣೆಯೂ ಆಯಿತು, ಸುಳ್ಳು ಹೇಳಬಾರದು. ಯಾರೇ ವೀಟೊ ಹಾಕಿದರೂ ಹತ್ತು ಕೆಲಸದ ದಿನದೊಳಗೆ ಮಹಾಸಭೆ ಸೇರಿ ಅದರ ಮೇಲೆ ಚರ್ಚೆ ಮಾಡಬೇಕು. ಚರ್ಚೆ ಆಗುತ್ತದೆ. ವೀಟೊ ಅಲ್ಲೇ ಇರುತ್ತದೆ.

ಹೀಗಿರುವಾಗ ನಮ್ಮ ಹೋಟೆಲಿನ ಬೆಳಗಿನ ಮೇಳದಲ್ಲಿ ಮಾತ್ರ ಜಗತ್ತು ಪೂರ್ತಿ ಬದಲಾಗಿದೆ. ಗಲ್ಲಾದಲ್ಲಿ ಕೂತ ಶೆಟ್ರು, ಬ್ಯಾಂಕಿನಿಂದ ರಿಟೈರ್ ಆದ ಧಾರವಾಡದ ರಾಯರು, ಮತ್ತೆ ಇಬ್ಬರು ಮೂವರು. ವಾಕಿಂಗ್ ಮುಗಿಸಿ ಬಂದವರು ಇಡ್ಲಿ ಬರುವ ಮೊದಲೇ ಅಮೆರಿಕವನ್ನು ಮುಳುಗಿಸಿರುತ್ತಾರೆ. ರಾಯರಿಗೆ ‘ಬಹುಧ್ರುವ ಜಗತ್ತು’ ಅನ್ನುವ ಮಾತು ಟಿವಿಯಿಂದ ಸಿಕ್ಕಿದೆ. ಸಾಂಬಾರಿನ ಜೊತೆ ದಿನಾ ಅದನ್ನೂ ಕಲಸಿ ಉಣ್ಣುತ್ತಾರೆ.

“ಬ್ರಿಕ್ಸ್ ಬಂದದಲ್ರಿ ಶೆಟ್ರ, ಇನ್ನೇನು ಡಾಲರ್ ಕಥಿ ಮುಗೀತು.”

ಭಾರತ, ಚೀನಾ, ರಷ್ಯಾ ಮುಂತಾದವರ ಕೂಟವಾದ ಬ್ರಿಕ್ಸ್ ಅಂದರೆ ಶೆಟ್ರಿಗೆ ಅಭಿಮಾನ. ಕಾರಣ ಜಿಡಿಪಿ ಅಲ್ಲ. ಶಾಂಘೈಯಲ್ಲಿರುವ ಬ್ರಿಕ್ಸ್ ಬ್ಯಾಂಕಿಗೆ 2015ರಲ್ಲಿ ಮೊದಲ ಅಧ್ಯಕ್ಷರಾದವರು ಕುಂದಾಪುರ ವಾಮನ ಕಾಮತ್. ಊರಿನ ಹೆಸರನ್ನೇ ಇನಿಷಿಯಲ್ ಮಾಡಿಕೊಂಡವರು ಚೀನಾದಲ್ಲಿ ಕೂತು ಬ್ಯಾಂಕ್ ನಡೆಸಿದರು ಅಂದಮೇಲೆ ಜಗತ್ತಿನ ಅಧಿಕಾರ ಪಶ್ಚಿಮದಿಂದ ಕರಾವಳಿಗೆ ಬಂದ ಹಾಗೇ ಅಲ್ವಾ? ಆದರೆ ಈ ಬ್ರಿಕ್ಸ್ ಹುಟ್ಟಿದ ಕಥೆ ಕೇಳಿದರೆ ಶೆಟ್ರು ಬೇಜಾರು ಮಾಡಿಕೊಳ್ಳುತ್ತಾರೆ. ಪಶ್ಚಿಮವನ್ನು ಎದುರಿಸುವ ಈ ಕೂಟಕ್ಕೆ ಹೆಸರಿಟ್ಟವರೇ ಪಶ್ಚಿಮದವರು. 2001ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ನ ಜಿಮ್ ಓನೀಲ್, ದುಡ್ಡು ಹೂಡುವವರಿಗೆ ಅನುಕೂಲ ಆಗಲಿ ಅಂತ ನಾಲ್ಕು ದೇಶಗಳ ಮೊದಲ ಅಕ್ಷರ ಸೇರಿಸಿ ‘ಬ್ರಿಕ್’ ಅಂದರು. ದೇಶಗಳಿಗೆ ಹೆಸರು ಇಷ್ಟವಾಯಿತು. 2009ರಲ್ಲಿ ಶೃಂಗಸಭೆಯನ್ನೇ ಮಾಡಿಬಿಟ್ಟವು.

2023ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಆರು ಹೊಸಬರಿಗೆ ಆಮಂತ್ರಣ ಹೋಯಿತು. ಅರ್ಜೆಂಟೀನಾದಲ್ಲಿ ಅಷ್ಟರಲ್ಲಿ ಸರ್ಕಾರ ಬದಲಾಯಿತು, ಬರಲ್ಲ ಅಂದರು. ಸೌದಿಯವರು ಬಂದಿದ್ದಾರೋ ಇಲ್ಲವೋ ಅನ್ನುವುದು ಸೌದಿಯವರಿಗೇ ಬಿಟ್ಟದ್ದು. ಇರಾನ್ ಮತ್ತು ಯುಎಇ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡವು. ನಾವೋ, ಎಲ್ಲ ಪಂಕ್ತಿಯಲ್ಲೂ ಇದ್ದೇವೆ. ಚೀನಾದ ಜೊತೆ ಬ್ರಿಕ್ಸ್‌ನಲ್ಲಿ, ಚೀನಾ ಮತ್ತು ಪಾಕಿಸ್ತಾನ ಇಬ್ಬರ ಜೊತೆ ಶಾಂಘೈ ಸಹಕಾರ ಸಂಘಟನೆಯಲ್ಲಿ, ಚೀನಾಕ್ಕೆ ಕಡಿವಾಣ ಹಾಕಲು ಅಮೆರಿಕದ ಜೊತೆ ಕ್ವಾಡ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಸುಂಕವನ್ನು 50%ಕ್ಕೆ ಏರಿಸಿತು. ರಷ್ಯಾದ ಎಣ್ಣೆ ಕೊಂಡದ್ದಕ್ಕೆ ಅದರಲ್ಲಿ ಅರ್ಧ. ಸೆಪ್ಟೆಂಬರ್ ಒಂದಕ್ಕೆ ಪ್ರಧಾನಿ ಚೀನಾದ ಟಿಯಾಂಜಿನ್‌ನಲ್ಲಿ ಷಿ ಮತ್ತು ಪುಟಿನ್ ಕೈ ಹಿಡಿದು ನಗುತ್ತಿದ್ದರು. ಇದನ್ನು ದೆಹಲಿಯಲ್ಲಿ ಕಾರ್ಯತಂತ್ರದ ಸ್ವಾಯತ್ತತೆ ಅನ್ನುತ್ತಾರೆ. ತಪ್ಪೇನಿಲ್ಲ, ಬೇರೆ ದಾರಿಯೂ ಕಾಣುವುದಿಲ್ಲ. ಆದರೆ ಮೂರೂ ಕಡೆ ಎಲೆ ಹಾಕಿಸಿಕೊಂಡವನಿಗೆ ಮೂರೂ ಕಡೆ ಪಾಯಸ ಸಿಕ್ಕಿತು ಅಂತ ಟಿವಿಯವರು ಕೂಗುವಾಗ ಸ್ವಲ್ಪ ಸೌಂಡ್ ಕಡಿಮೆ ಮಾಡಬೇಕಾಗುತ್ತದೆ.

ಅಂದಹಾಗೆ ವಿಶ್ವಬ್ಯಾಂಕಿನ ಅಧ್ಯಕ್ಷಗಿರಿ ಯಾವಾಗಲೂ ಅಮೆರಿಕನ್ನರಿಗೇ. ಈಗಿರುವ ಅಜಯ್ ಬಂಗಾ ಹುಟ್ಟಿದ್ದು ಪುಣೆಯ ಖಡ್ಕಿಯಲ್ಲಿ. ಖಡ್ಕಿಯವರು ಆ ಕುರ್ಚಿಯಲ್ಲಿ ಕೂರಬಹುದು, ಅಡ್ಡಿಯಿಲ್ಲ. ಮೊದಲು ಅಮೆರಿಕದ ಪ್ರಜೆ ಆಗಬೇಕು, ಅಷ್ಟೇ.

ಮಂಡಳಿಯ ವಿಷಯಕ್ಕೆ ಮತ್ತೆ ಬರೋಣ. ಅಲ್ಲಿ ಕಾಫಿ ಕ್ಲಬ್ ಅಂತ ಒಂದು ಗುಂಪಿದೆ. ಮಾಟುಂಗದವರು ಖುಷಿಪಡಬೇಡಿ, ಇದಕ್ಕೆ ಫಿಲ್ಟರ್ ಕಾಫಿಯ ಸಂಬಂಧ ಇಲ್ಲ. ಹೊಸ ಖಾಯಂ ಸದಸ್ಯರು ಬೇಡವೇ ಬೇಡ ಅನ್ನುವವರ ಗುಂಪು, 1990ರ ದಶಕದ್ದು. ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಸೇರಿ ಜಿ-4 ಮಾಡಿಕೊಂಡು ನಮಗೂ ಕುರ್ಚಿ ಕೊಡಿ ಅಂತ ಕೇಳುತ್ತವೆ. ಜರ್ಮನಿಗೆ ಸಿಗಬಾರದು ಅಂತ ಇಟಲಿ, ನಮಗೆ ಸಿಗಬಾರದು ಅಂತ ಪಾಕಿಸ್ತಾನ, ಜಪಾನಿಗೆ ಬೇಡ ಅಂತ ದಕ್ಷಿಣ ಕೊರಿಯಾ, ಬ್ರೆಜಿಲ್‌ಗೆ ಬೇಡ ಅಂತ ಅರ್ಜೆಂಟೀನಾ ಮತ್ತು ಮೆಕ್ಸಿಕೊ. ತನಗೆ ಪಾರ್ಕಿಂಗ್ ಬೇಕು ಅಂತಲ್ಲ, ಪಕ್ಕದ ಮನೆಯವನ ಕಾರಿಗೆ ನೆರಳು ಸಿಗಬಾರದು ಅಷ್ಟೇ. ಆಫ್ರಿಕಾ 2005ರಿಂದ ಎರಡು ಖಾಯಂ ಸೀಟು ಕೇಳುತ್ತಿದೆ, ವೀಟೊ ಸಮೇತ. ಯಾವ ಎರಡು ದೇಶ ಅನ್ನುವುದನ್ನು ಆಮೇಲೆ ನೋಡೋಣ ಅಂತ ಅವರೂ ಬದಿಗಿಟ್ಟಿದ್ದಾರೆ. ಜಿ-4ರವರದ್ದು ಇನ್ನೊಂದು ಔದಾರ್ಯ. ಸೀಟು ಕೊಡಿ, ವೀಟೊವನ್ನು 15 ವರ್ಷ ಮುಟ್ಟುವುದಿಲ್ಲ, ಆಮೇಲೆ ಪರಿಶೀಲಿಸೋಣ ಅಂತ. ವೀಟೊ ಅನ್ಯಾಯ ಅಂತ ಎಲ್ಲರೂ ಭಾಷಣ ಮಾಡುತ್ತಾರೆ. ಅರ್ಜಿಯಲ್ಲಿ ಮಾತ್ರ ಅದನ್ನೇ ಕೇಳಿರುತ್ತಾರೆ.

ಮಾತುಕತೆ ನಿಂತಿಲ್ಲ, ಅದು ದೊಡ್ಡ ಸಮಾಧಾನ. 1993ರಲ್ಲಿ ಒಂದು ಕಾರ್ಯಗುಂಪು ಮಾಡಿದರು. 2009ರಲ್ಲಿ ಸರ್ಕಾರಗಳ ನಡುವಿನ ಮಾತುಕತೆ ಅಂತ ಹೊಸ ಹೆಸರಿನಲ್ಲಿ ಶುರು ಮಾಡಿದರು. ಒಂದು ಲಿಖಿತ ಕರಡು ಮುಂದಿಟ್ಟುಕೊಂಡು ಮಾತಾಡೋಣ ಅನ್ನುವುದು ಭಾರತದ ಬೇಡಿಕೆ. ಅದು ಬೇಡಿಕೆಯಾಗಿಯೇ ಇದೆ. ಸುಧಾರಣೆ ‘ಬೇಗ’ ಆಗಬೇಕು ಅಂತ 2005ರಲ್ಲಿ ಬರೆದರು. 2024ರಲ್ಲಿ ‘ತುರ್ತು’ ಅಂತ ಬರೆದರು.

ಇದೆಲ್ಲ ದೂರದ ತಮಾಷೆ ಅಂತ ನಗಬಹುದಿತ್ತು, ಮಂಡಳಿ ಒಂದು ಸಲ ಮುಂಬೈಗೇ ಬಾರದಿದ್ದರೆ. 2022ರ ಅಕ್ಟೋಬರ್ 28ರಂದು ಅದರ ಭಯೋತ್ಪಾದನಾ ನಿಗ್ರಹ ಸಮಿತಿಯವರು ತಾಜ್ ಹೋಟೆಲಿನಲ್ಲಿ ಸಭೆ ಕೂತರು. 26/11ರಲ್ಲಿ ಸತ್ತವರಿಗೆ ಹೂವು ಇಟ್ಟರು, ಒಳ್ಳೆಯ ಮಾತಾಡಿದರು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ, ಆ ದಾಳಿಯ ಸಂಚುಕೋರ ಸಾಜಿದ್ ಮೀರ್‌ನನ್ನು ಜಾಗತಿಕ ಉಗ್ರನೆಂದು ಘೋಷಿಸುವ ಪ್ರಸ್ತಾವಕ್ಕೆ ಚೀನಾ ‘ತಾಂತ್ರಿಕ ತಡೆ’ ಹಾಕಿತ್ತು. 2023ರಲ್ಲಿ ಪೂರ್ತಿ ನಿಲ್ಲಿಸಿಯೇ ಬಿಟ್ಟಿತು. ಮಸೂದ್ ಅಜರ್ ಹೆಸರು ಪಟ್ಟಿಗೆ ಸೇರಲು 2009ರಿಂದ 2019ರವರೆಗೆ ಹಿಡಿಯಿತು. ನಮ್ಮ ವಾರ್ಡ್ ಆಫೀಸಿನಲ್ಲಿ ಇಷ್ಟು ಹೊತ್ತಿನಲ್ಲಿ ಓಸಿ, ಅಂದರೆ ಹೊಸ ಕಟ್ಟಡದಲ್ಲಿ ವಾಸಕ್ಕೆ ಒಪ್ಪಿಗೆ ಪತ್ರ, ಸಿಕ್ಕಿರುತ್ತಿತ್ತು. ಇನ್ನೂ ಇದೆ, ಕೇಳಿ. ತಾಜ್‌ಗೆ ಬಂದಿದ್ದ ಅದೇ ಸಮಿತಿಗೆ 2025ರಲ್ಲಿ ಉಪಾಧ್ಯಕ್ಷರಾದವರಲ್ಲಿ ಪಾಕಿಸ್ತಾನವೂ ಒಂದು.

ಇದನ್ನು ಹೇಳಿದಾಗ ರಾಯರು ಸ್ವಲ್ಪ ಹೊತ್ತು ವಡೆಯನ್ನೇ ನೋಡಿದರು. ಆಮೇಲೆ ಧೈರ್ಯ ತಂದುಕೊಂಡು, “ಇರ್ಲಿ ಬಿಡ್ರಿ, ಮುಂದಿನ ಪ್ರಧಾನ ಕಾರ್ಯದರ್ಶಿ ಆರಿಸೂಮುಂದ ನಮ್ಮನ್ನ ಕೇಳದ ಆಗೂದಿಲ್ಲ” ಅಂದರು. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಗುಟೆರಸ್ ಅವಧಿ 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಅಲ್ಲಿ ಆರಿಸುವ ಕ್ರಮ ಹೀಗೆ. ಮಂಡಳಿಯ 15 ಜನ ಬಾಗಿಲು ಹಾಕಿಕೊಂಡು, ಒಬ್ಬೊಬ್ಬ ಅಭ್ಯರ್ಥಿಯ ಹೆಸರಿನ ಮುಂದೆ ‘ಪ್ರೋತ್ಸಾಹ’, ‘ನಿರುತ್ಸಾಹ’, ‘ಅಭಿಪ್ರಾಯವಿಲ್ಲ’ ಅಂತ ಗುರುತು ಹಾಕುತ್ತಾರೆ. ಗುಪ್ತ ಮತದಾನ. ಆದರೆ ಕೊನೆಕೊನೆಯ ಸುತ್ತುಗಳಲ್ಲಿ ಐವರು ಖಾಯಂನವರ ಚೀಟಿಯ ಬಣ್ಣವೇ ಬೇರೆ. ಬೇಡ ಅಂದದ್ದು ವೀಟೊ ಇದ್ದವರೋ ಸುಮ್ನೆ ಬಂದವರೋ ಅಂತ ಗೊತ್ತಾಗಬೇಕಲ್ಲ.

“ನಮ್ಮ ಚೀಟಿ ಯಾವ ಬಣ್ಣ?” ಅಂತ ಶೆಟ್ರು ಚಿಲ್ಲರೆ ಎಣಿಸುತ್ತಲೇ ಕೇಳಿದರು.

“ನಾವು ಈ ಸಲ ಮಂಡಳಿಯಲ್ಲಿ ಇಲ್ಲ ಶೆಟ್ರೆ. 2028-29ರ ಎರಡು ವರ್ಷದ ಸೀಟಿಗೆ ನಿಂತಿದ್ದೇವೆ.”

“ಪಾಕಿಸ್ತಾನ?”

“2025-26ಕ್ಕೆ ಅವರಿದ್ದಾರೆ. ಅವರಿಗೆ ಒಂದು ಚೀಟಿ ಇದೆ.”

ರಾಯರು ಬಿಲ್ ಕೊಡಲು ಎದ್ದರು. “2026ಕ್ಕ ಬ್ರಿಕ್ಸ್ ಅಧ್ಯಕ್ಷರು ನಾವ ಅದೀವಲ್ರಿ” ಅಂದರು.

“ಹೌದು ರಾಯರೆ. ಟ್ವೆಂಟಿ ರುಪೀಸ್ ಚಿಲ್ಲರೆ ಉಂಟಾ?”