ಮರದ ಮೀನನ್ನು ತಿರುಗಿಸುತ್ತಾ ಕೂತದ್ದು

ನಿನ್ನೆ ಸಂಜೆ ಆರೂಮುಕ್ಕಾಲಿಗೆ ಕರೆಂಟು ಹೋಯಿತು. ಮಳೆಗಾಲದ ಕುಂದಾಪುರದಲ್ಲಿ ಇದೂ ಒಂದು ಸುದ್ದಿಯಾ ಎಂದು ನೀವು ಕೇಳಬಹುದು. ಗಾಳಿ ಬಂದರೆ ಹೋಗುತ್ತದೆ, ಗಾಳಿ ಬಂದೀತು ಎಂಬ ಅನುಮಾನಕ್ಕೂ ಹೋಗುತ್ತದೆ. ಬೇರೆ ದಿನವಾಗಿದ್ದರೆ ಮೆತ್ತಗಾದ ಬೆಂಕಿಪೊಟ್ಟಣಕ್ಕೆ ನಾಲ್ಕು ಬೈದು, ಮೇಣದಬತ್ತಿ ಹಚ್ಚಿ ಸುಮ್ಮನೆ ಕೂತಿರುತ್ತಿದ್ದೆ. ಆದರೆ ನಿನ್ನೆ ನಾನು ಮೀನಿಗೆ ಅಂಟು ಬಳಿದು ಐದೇ ನಿಮಿಷವಾಗಿತ್ತು.

ಮೀನು ಅಂದರೆ ಮರದ್ದು. ಗಾಳಕ್ಕೆ ಚಟ್ಲಿ, ಅಂದರೆ ಸೀಗಡಿ, ಪೋಣಿಸುವ ಬದಲು ಕಟ್ಟುವ ಲೂರು. ನೀರಲ್ಲಿ ಎಳೆದರೆ ಮರಿಮೀನಿನ ಹಾಗೆ ಓಲಾಡಿ, ಹೊಳೆ ಬದಿಯ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರುಗಳ ಸಂದಿಯಲ್ಲಿ ಹೊಂಚು ಹಾಕಿ ಕೂತ ಕೆಂಬೇರಿ ಮೀನನ್ನು ಮರುಳು ಮಾಡಬೇಕಾದ ನಾಲ್ಕಂಗುಲದ ಕಟ್ಟಿಗೆ ತುಂಡು. ಅಂಗಡಿಯಲ್ಲಿ ಸಿಗುತ್ತದೆ. ತಂದೂ ಇದ್ದೆ. ಐನೂರರ ಲೆಕ್ಕದಲ್ಲಿ ಮೂರು ತಂದೆ, ಮೂರನ್ನೂ ಪಂಚಗಂಗಾವಳಿ ಹೊಳೆಯ ಕಾಂಡ್ಲಾ ಬೇರಿಗೆ ಸಿಕ್ಕಿಸಿ ಬಂದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಊರಿನ ಅರ್ಧ ಗಂಡಸರು ಗಾಳ ಹಿಡಿದು ಹೊಳೆ ಬದಿಯಲ್ಲೇ ಇರುತ್ತಾರೆ. ಅವರೆಲ್ಲರ ಕಣ್ಣೆದುರು ಸಾವಿರದ ಐನೂರು ರೂಪಾಯಿ ಬೇರಿಗೆ ನೇತುಹಾಕಿದವನು ನಾನೊಬ್ಬನೇ. ಇನ್ನು ಮನೆಯಲ್ಲೇ ಮಾಡಿಕೊಳ್ಳುವುದು ಎಂದು ಆವತ್ತೇ ನಿರ್ಧರಿಸಿದೆ.

ತಲೆ ಕೆಡಿಸಿದವನು ಫಿನ್‌ಲ್ಯಾಂಡಿನ ಲೌರಿ ರಾಪಾಲಾ. ಬಡ ಮೀನುಗಾರ. ಹಿಂಡಿನಲ್ಲಿ ಗಾಯಗೊಂಡು ವಾಲಾಡುವ ಮರಿಯನ್ನೇ ದೊಡ್ಡ ಮೀನು ಹಿಡಿಯುವುದನ್ನು ಗಮನಿಸಿ, 1936ರಲ್ಲಿ ಬಿರಡೆಯ ಕಾರ್ಕನ್ನು ಚೂರಿಯಿಂದ ಕೆತ್ತಿ, ಚಾಕೊಲೇಟಿನ ಬೆಳ್ಳಿ ಕಾಗದ ಸುತ್ತಿ, ಫೋಟೊ ನೆಗೆಟಿವ್ ಕರಗಿಸಿ ಮೇಲೆ ಬಳಿದು ಲೂರು ಮಾಡಿದನಂತೆ. ಇದನ್ನು ಓದಿದ ಯಾರಿಗಾದರೂ ಇಷ್ಟೇನಾ ಅನ್ನಿಸುತ್ತದೆ. ನನಗೂ ಅನ್ನಿಸಿತು. ಅವನ ಊರಲ್ಲಿ ನಮ್ಮ ಆಷಾಢ ಇರಲಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ. ಇಲ್ಲಿ ಹಪ್ಪಳ ಒಣಗುವುದಿಲ್ಲ, ಬನಿಯನ್ ಒಣಗುವುದಿಲ್ಲ, ಮೀನಿಗೆ ಬಳಿದ ಪೇಂಟು ಒಣಗುತ್ತದಾ?

ಮರ ನಮ್ಮ ಹಿತ್ತಲಿನ ಹಾಲೆಯದು. ಹಗುರ, ಮೆದು, ಚೂರಿಯ ಮಾತು ಚೆನ್ನಾಗಿ ಕೇಳುತ್ತದೆ. ಹಿಂದೆ ಮಕ್ಕಳು ಬರೆಯುವ ಹಲಗೆಗೆ ಇದೇ ಮರವಂತೆ. ಸಸ್ಯಶಾಸ್ತ್ರದ ಹೆಸರಲ್ಲೇ 'ಸ್ಕಾಲರಿಸ್' ಎಂದಿದೆ. ಆಸಾಡಿ ಅಮಾವಾಸ್ಯೆಯ ಬೆಳಗಿನ ಜಾವ ಇದರ ತೊಗಟೆಯ ಕಷಾಯ ಕುಡಿಯುವುದು, ಆ ತೊಗಟೆಗೆ ಕಬ್ಬಿಣ ಮುಟ್ಟಿಸದೆ ಕಲ್ಲಲ್ಲೇ ಜಜ್ಜಿ ತೆಗೆಯುವುದು ನಿಮಗೆ ಗೊತ್ತೇ ಇದೆ. ಅಮ್ಮ ಆ ಒಂದು ದಿನದ ನಿಯಮವನ್ನು ವರ್ಷವಿಡೀ ಇಡೀ ಮರಕ್ಕೆ ಜಾರಿ ಮಾಡಿದ್ದಾಳೆ. ನಾನು ಕತ್ತಿ ಹಾಕಿ ಒಂದು ಕೊಂಬೆ ಇಳಿಸಿದ ದಿನದಿಂದ ಮನೆಯಲ್ಲಿ ಹಾಲು ಒಡೆದರೂ, ಮಿಕ್ಸಿ ಸುಟ್ಟರೂ, ಮೊಬೈಲ್ ಸಿಗ್ನಲ್ ಹೋದರೂ ಒಂದೇ ಮಾತು: "ನಾ ಹೇಳಿದೆ ಅಲ್ದಾ, ಕೇಂಡ್ಯಾ?"

ಕೆತ್ತಿದ್ದನ್ನು ವಿವರಿಸಿ ನಿಮ್ಮನ್ನು ಕೊಲ್ಲುವುದಿಲ್ಲ. ಮೂಗಿನಿಂದ ಬಾಲದವರೆಗೆ ಒಂದು ಸ್ಟೀಲ್ ತಂತಿ, ಹೊಟ್ಟೆಗೆ ತೂತು ಕೊರೆದು ಬೀಸುಬಲೆಯ ಒಂದು ಸೀಸದ ಗುಂಡು, ಬಾಯಿಗೆ ಡಬ್ಬಿ ಮುಚ್ಚಳ ಕತ್ತರಿಸಿದ ಪ್ಲಾಸ್ಟಿಕ್ ತುಟಿ. ಬೆಳ್ಳಿ ಕಾಗದ ಮಗಳ ಚಾಕೊಲೇಟಿನದು, ಕಿವಿರಿನ ಕೆಂಪು ಹೆಂಡತಿಯ ನೇಲ್ ಪಾಲಿಶಿನದು, ಕಣ್ಣಿಗೆ ಅವಳದೇ ಸ್ಟಿಕ್ಕರ್ ಬೊಟ್ಟು. ಎಲ್ಲ ಮುಗಿದಾಗ ಮೀನು ಮದುವೆ ಊಟಕ್ಕೆ ಹೊರಟ ಹಾಗೆ ಕಾಣುತ್ತಿತ್ತು. ಹೆಂಡತಿ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಕನ್ನಡಿ ಪಕ್ಕದ ಖಾಲಿ ಬೊಟ್ಟಿನ ಪ್ಯಾಕೆಟ್ ನೋಡಿದಳು. ಮಾತಾಡಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಉಳಿದದ್ದು ಕೊನೆಯ ಲೇಪ. ಎಪಾಕ್ಸಿ ಅಂಟು. ಗಾಜಿನಂತೆ ಹೊಳೆಯುತ್ತದೆ, ನೀರು ಒಳಗೆ ಬಿಡುವುದಿಲ್ಲ. ಆದರೆ ಗಟ್ಟಿಯಾಗುವವರೆಗೆ ಮೀನನ್ನು ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಅಂಟೆಲ್ಲ ಕೆಳಗಿಳಿದು ಹೊಟ್ಟೆಯಲ್ಲಿ ಹನಿಗಟ್ಟುತ್ತದೆ. ಅದಕ್ಕೆಂದೇ ಹಾಳಾದ ಮೈಕ್ರೋವೇವ್ ಓವನ್ನಿನ ತಟ್ಟೆ ತಿರುಗಿಸುವ ಮೋಟರನ್ನು ಬಿಚ್ಚಿಸಿ ತಂದಿದ್ದೆ. ನಿಮಿಷಕ್ಕೆ ಐದಾರು ಸುತ್ತು. ಅದಕ್ಕೆ ಎಡ ಬಲ ಎಂಬ ಭೇದವಿಲ್ಲ. ಸ್ವಿಚ್ ಹಾಕಿದಾಗ ಯಾವ ಕಡೆಗೆ ಮನಸ್ಸಾಗುತ್ತದೋ ಆ ಕಡೆಗೆ ತಿರುಗುತ್ತದೆ. ಚೆನ್ನಾಗಿಯೇ ತಿರುಗುತ್ತಿತ್ತು, ಆರೂಮುಕ್ಕಾಲರವರೆಗೆ. ಇನ್ವರ್ಟರ್ ಇಲ್ಲವೇ ಎಂದು ಕೇಳಬೇಡಿ. ಬ್ಯಾಟರಿಗೆ ನೀರು ಹಾಕಬೇಕೆಂದು ಯುಗಾದಿಯಿಂದ ಅಂದುಕೊಳ್ಳುತ್ತಿದ್ದೇನೆ.

ಮೀನನ್ನು ಕಳಚಿದೆ. ಮೂಗಿನ ತಂತಿ ಎಡಗೈಯಲ್ಲಿ, ಬಾಲದ್ದು ಬಲಗೈಯಲ್ಲಿ. ಮೇಣದಬತ್ತಿಯ ಬೆಳಕಿನಲ್ಲಿ ಜೋಳದ ತೆನೆ ಸುಡುವವನ ಹಾಗೆ ತಿರುಗಿಸುತ್ತಾ ಕೂತೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮೂಗು ತುರಿಸಿತು. ಇಪ್ಪತ್ತಕ್ಕೆ ಫೋನು ಬಂತು. ಮಳೆ ನಿಂತದ್ದೇ ತಡ, ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತಿದವು. ಒಂದು ನೇರವಾಗಿ ಬಂದು ಮೀನಿನ ಬೆನ್ನ ಮೇಲೆ ಕೂತಿತು, ಏಳಲಿಲ್ಲ. ಊದಿದೆ. ಇನ್ನಷ್ಟು ಒಳಗೆ ಹೋಯಿತು.

ಅಷ್ಟು ಹೊತ್ತಿಗೆ ಕೊಡೆ ಕೊಡವುತ್ತಾ ಭಾವ ಬಂದರು. ನಮ್ಮ ಅಕ್ಕನ ಗಂಡ. ಒಳ್ಳೆಯವರು. ಆದರೆ ಯಾವುದನ್ನು ಕಂಡರೂ ಕಿಲೋಗೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕದೆ ಅವರಿಗೆ ಉಸಿರಾಡಲು ಬರುವುದಿಲ್ಲ. ನಾವು ಹೊಸ ಬೀರು ತಂದಾಗ ಕಿಲೋಗೆ ಎಷ್ಟು ಬಿತ್ತೆಂದು ಹೇಳಿ, ಗುಜರಿಯಲ್ಲಿ ಇಷ್ಟೇ ಸಿಗುವುದು ಎಂದೂ ಸೇರಿಸಿದ್ದರು. ಮಗಳು ಹುಟ್ಟಿದಾಗ ಆಸ್ಪತ್ರೆ ಬಿಲ್ಲನ್ನು ಎರಡೂ ಮುಕ್ಕಾಲರಿಂದ ಭಾಗಿಸಿದವರು ಅವರೇ. ಲೆಕ್ಕಕ್ಕೆ ಕ್ಯಾಲ್ಕುಲೇಟರ್ ಬೇಡ, ಬೆರಳ ಗೆಣ್ಣು ಸಾಕು.

"ಎಂತ ಮರಾಯಾ ಅದ್? ಪೂಜೆಯಾ?"

ಹೇಳಿದೆ. ಎರಡು ನಿಮಿಷ ಹಿಡಿದುಕೊಳ್ಳಿ ಭಾವ, ಬಚ್ಚಲಿಗೆ ಹೋಗಿ ಬರುತ್ತೇನೆ, ನಿಲ್ಲಿಸಬೇಡಿ ಎಂದು ಕೈಗೆ ಕೊಟ್ಟೆ. ನನ್ನ ತಪ್ಪು ಅದೇ. ಬಚ್ಚಲಲ್ಲಿದ್ದಾಗಲೇ ಅವರ ದನಿ ಕೇಳಿಸಿತು: "ಮೋಟರಿಗೆ ಎಷ್ಟ್?" ನೂರೈವತ್ತು ಎಂದೆ. "ಅಂಟಿಗೆ?" ಇನ್ನೂರು. "ಮೊದಲೇ ಕಳ್ಕೊಂಡ ಮೂರಕ್ಕೆ ಸಾವಿರದೈನೂರು ಅಲ್ದಾ?" ಆಮೇಲೆ ಮೌನ. ಆ ಮೌನ ಯಾವುದೆಂದು ನನಗೆ ತಕ್ಷಣ ತಿಳಿಯಿತು. ಗೆಣ್ಣು ಎಣಿಸಲು ಒಂದು ಕೈ ಬೇಕಲ್ಲ. ಓಡಿ ಬಂದರೆ ಮೀನು ಅವರ ಎಡಗೈಯಲ್ಲಿ ಬಾಲ ಮೇಲಾಗಿ ನಿಂತಿದೆ, ಬಲಗೈ ಹೆಬ್ಬೆರಳು ಉಂಗುರ ಬೆರಳಿನ ಎರಡನೇ ಗೆಣ್ಣಿನಲ್ಲಿದೆ.

"ಸಾವಿರದ ಎಂಟ್ನೂರೈವತ್ತ್. ಮೀನ್ ಎಷ್ಟ್ ಕಿಲೋ ಸಿಕ್ತ್?"

"ಒಂದೂ ಇಲ್ಲ ಭಾವ."

"ಹಾಂಗಾರೆ ಕಿಲೋಗೆ..." ಎಂದು ಮತ್ತೆ ಹೆಬ್ಬೆರಳನ್ನು ಮೊದಲ ಗೆಣ್ಣಿಗೆ ತಂದರು. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಎಂದು ಹೇಳೋಣವೆಂದುಕೊಂಡೆ. ಬಿಟ್ಟೆ, ಎಣಿಸಲಿ. ಒಂದು ಸುತ್ತು ಎಣಿಸಿದರು, ಎರಡು ಸುತ್ತು ಎಣಿಸಿದರು. ಅವರ ಮುಖದಲ್ಲಿ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಂದು ಗೊಂದಲ ಕಂಡಿತು. ಚಾ ಕುಡಿಯದೆ ಹೊರಟೇಹೋದರು.

ಭಾವ ಹೋದ ಮೇಲೆ ಅಮ್ಮ ಬಂದು ಎದುರಿಗೆ ಕೂತಳು. ಕೇಂಡ್ಯಾ ಎನ್ನುತ್ತಾಳೆ ಎಂದು ಕಾಯುತ್ತಿದ್ದೆ. ಎನ್ನಲಿಲ್ಲ. ಸುತ್ತುವ ಮೀನನ್ನೇ ನೋಡುತ್ತಾ, ಅಪ್ಪ ಆಸಾಡಿ ಅಮಾವಾಸ್ಯೆಗೆ ಮೂರೂವರೆಗೇ ಎದ್ದು ಟಾರ್ಚೂ ಇಲ್ಲದೆ ಆ ಮರದ ಬುಡಕ್ಕೆ ಹೋಗುತ್ತಿದ್ದದ್ದನ್ನು ಹೇಳಿದಳು. ಮಳೆಯ ಸದ್ದಿನ ನಡುವೆ ಕಲ್ಲು ಜಜ್ಜುವ ಸದ್ದು ಕೇಳಿದರೆ ಒಲೆ ಹೊತ್ತಿಸುತ್ತಿದ್ದಳಂತೆ. ನನಗೆ ಆ ಸದ್ದು ನೆನಪಿಲ್ಲ, ಕಷಾಯದ ಕಹಿ ಮಾತ್ರ ನೆನಪಿದೆ. ಈಗ ಮೂರು ವರ್ಷದಿಂದ ಪಕ್ಕದ ಮನೆಯವರು ಬಾಟಲಿಯಲ್ಲಿ ತಂದು ಕೊಡುತ್ತಾರೆ, ನಾವು ಏಳು ಗಂಟೆಗೆ ಎದ್ದು ಕುಡಿಯುತ್ತೇವೆ. ಮರ ನಮ್ಮ ಹಿತ್ತಲಲ್ಲೇ ಇದೆ.

"ಕೊಡ್ ಇಲ್ಲಿ," ಎಂದಳು ಅಮ್ಮ. ಶ್ಯಾವಿಗೆ ಒತ್ತಿ, ಕಡೆಗೋಲು ಎಳೆದು ಪಳಗಿದ ಕೈ. ಮುಕ್ಕಾಲು ಗಂಟೆ ಒಂದೇ ಲಯದಲ್ಲಿ ತಿರುಗಿಸಿದಳು. ಮೋಟರಿಗಿಂತ ಚೆನ್ನಾಗಿ.

ಒಂಬತ್ತೂಕಾಲಿಗೆ ಕರೆಂಟು ಬಂತು. ನಾನು ಸ್ವಿಚ್ ಆರಿಸುವುದನ್ನು ಮರೆತಿದ್ದರಿಂದ ಮೂಲೆಯಲ್ಲಿ ಮೋಟರು ತನ್ನ ಪಾಡಿಗೆ ಖಾಲಿ ತಿರುಗತೊಡಗಿತು, ಈ ಸಲ ಬಲಕ್ಕೆ.

ಇವತ್ತು ಬೆಳಿಗ್ಗೆ ಮೀನು ಇನ್ನೂ ಅರೆಬರೆ ಅಂಟು. ತಡೆಯಲಾರದೆ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಬಿಟ್ಟು ಎಳೆದೆ. ಭಾವ ಎಣಿಸಿದಷ್ಟೂ ಹೊತ್ತು ಇಳಿದ ಅಂಟು ಗಂಟಲ ಒಂದು ಬದಿಗೆ ಗೋಲಿಯಂತೆ ಹನಿಗಟ್ಟಿದೆ. ಮೀನು ಆ ಮಗ್ಗುಲಿಗೆ ವಾಲಿ, ತಲೆ ತಗ್ಗಿಸಿ, ತೊಟ್ಟಿಯ ಗೋಡೆಗೆ ಹಾಯುತ್ತಾ ಸುತ್ತು ಬಂತು. ರಾಪಾಲಾ ಹೇಳಿದ ಗಾಯಗೊಂಡ ಮೀನಿನ ಹಾಗಲ್ಲ, ಜಾತ್ರೆಯಲ್ಲಿ ಜಾಸ್ತಿ ಕುಡಿದವರ ಹಾಗೆ. ಜಗಲಿಯಿಂದ ಅಮ್ಮ, "ಕೇಂಡ್ಯಾ?"

ಪೂರ್ತಿ ಗಟ್ಟಿಯಾದ ಮೇಲೆ ಮರಳುಕಾಗದ ಹಿಡಿದು ಆ ಹನಿಯನ್ನು ಉಜ್ಜಿ ತೆಗೆಯಬೇಕು, ಮತ್ತೊಮ್ಮೆ ಅಂಟು ಬಳಿಯಬೇಕು, ಮತ್ತೆ ತಿರುಗಿಸಬೇಕು. ಬೆನ್ನ ಮೇಲಿನ ಗೆದ್ದಲನ್ನು ಮಾತ್ರ ಉಜ್ಜುವುದಿಲ್ಲ. ನಾಲ್ಕು ರೆಕ್ಕೆಯೂ ಬಿಚ್ಚಿ, ಗಾಜಿನೊಳಗಿಟ್ಟ ಹಾಗೆ ಸ್ವಲ್ಪವೂ ಮುಕ್ಕಾಗದೆ ಕೂತಿದೆ. ಆ ಮೀನಿನಲ್ಲಿ ಕೆಂಬೇರಿ ನಂಬಬಹುದಾದದ್ದು ಅದೊಂದೇ.